ಗುದ್ದಲಿಗೊಂದು ಗೇಣು ನೆಲ

ಬೆಂಗಳೂರಿನ ದಕ್ಷಿಣಕ್ಕೆ ಜೆ.ಪಿ. ನಗರವೆಂಬ ಬಡಾವಣೆಯಿದೆ. ಆ ಎರಡು ಅಕ್ಷರಗಳು ಜಯಪ್ರಕಾಶ ನಾರಾಯಣರವು ಎಂಬುದು ಅಲ್ಲಿ ಮನೆಮಾಡಿರುವ ಎಷ್ಟು ಜನರ ನೆನಪಿನಲ್ಲಿದೆಯೋ ನಾವರಿಯೆವು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಅವರು ಮುಂದಾಳು. 1954ರಲ್ಲಿ ಭೂದಾನ ಚಳವಳಿಗೆ ತಮ್ಮ ಜೀವನವನ್ನೇ ದಾನವಾಗಿ ಕೊಟ್ಟೆನೆಂದು ಸಾರಿದವರು. ನೆಲ ಕೆಲವರ ಸೊತ್ತಾಗಿ ಉಳಿಯಬಾರದೆಂದು ಊರೂರು ತಿರುಗಿದ ಆ ಮನುಷ್ಯನ ಹೆಸರು ಹೊತ್ತ ಬಡಾವಣೆಯಲ್ಲಿ, ಇಂದು ಬಾಡಿಗೆ ಕೋಣೆಯಲ್ಲಿರುವ ಕೂಲಿಗಾರನಿಗೆ ಒಂದು ಹಿಡಿ ಕೊತ್ತಂಬರಿ ಬಿತ್ತಲು ಗೇಣು ನೆಲವಿಲ್ಲ. ಈ ವಾರ ನಾವು ಬರೆಯಹೊರಟಿರುವುದು ಆ ಗೇಣು ನೆಲದ ವಿಷಯ.

ಜಿಲ್ಲಾ ಊರಿನ ಪತ್ರಿಕೆಗೆ ಬೆಂಗಳೂರಿನ ಗೊಡವೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಕಾರಣ ಎರಡು. ಮೊದಲನೆಯದು, ನಮ್ಮ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಹೊಟ್ಟೆಪಾಡಿಗೆ ಹೋಗಿರುವುದು ಅಲ್ಲಿಗೇ. ಬಿ.ಟಿ.ಎಂ. ಬಡಾವಣೆಯ ಸಂದಿಗಳಲ್ಲಿ, ಬೊಮ್ಮನಹಳ್ಳಿಯ ವಠಾರಗಳಲ್ಲಿ, ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನರಂತೆ ವಾಸಿಸುತ್ತಿರುವವರು ನಮ್ಮವರೇ. ಎರಡನೆಯದು, ಬೆಂಗಳೂರು ಇಂದು ಮಾಡಿದ್ದನ್ನು ನಮ್ಮ ಊರು ನಾಳೆ ಮಾಡುತ್ತದೆ. ಅಲ್ಲಿ ಹೊಲ ನಿವೇಶನವಾದ ಹಾಗೆಯೇ ಇಲ್ಲಿಯೂ ಆಗುತ್ತಿದೆ. ಅಲ್ಲಿ ಆದ ತಪ್ಪನ್ನು ನೋಡಿ ಇಲ್ಲಿ ಎಚ್ಚರಗೊಳ್ಳದಿದ್ದರೆ ಆ ತಪ್ಪು ನಮ್ಮದಾಗುತ್ತದೆ.

ಬಿ.ಟಿ.ಎಂ. ಎಂದರೆ ಏನು? ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳ ಹೆಸರನ್ನು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಕಟ್ಟಿ ಮೂಲೆಗಿಟ್ಟಿದ್ದಾರೆ. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಜಯನಗರ, ಅನಂತರ ಬೆಳೆದ ಬನಶಂಕರಿ, ಇವೆಲ್ಲ ಎದ್ದುನಿಂತದ್ದು ಬಂಜರಿನ ಮೇಲಲ್ಲ. ಕೆರೆಗಳ ಕೆಳಗಿನ ಗದ್ದೆ, ರಾಗಿ ಹೊಲ, ತರಕಾರಿ ತೋಟಗಳ ಮೇಲೆ. ಬೆಂಗಳೂರಿನ ಸುತ್ತಲ ಕೆರೆಗಳ ನೀರಿನಿಂದ ಪೇಟೆಗೆ ಸೊಪ್ಪು, ಹೂವು, ಕಾಯಿಪಲ್ಲೆ ಬೆಳೆದುಕೊಟ್ಟವರಲ್ಲಿ ತಿಗಳ ಸಮುದಾಯದವರು ಹೆಸರಾದವರು. ಕರಗವನ್ನು ಹೊತ್ತು ನಡೆಯುವ ಈ ಜನ ಮಣ್ಣಿನ ವಿದ್ಯೆಯನ್ನೂ ಹೊತ್ತವರು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು. ಕೆರೆಯೊಡನೆ ತೋಟ ಹೋಯಿತು, ತೋಟದೊಡನೆ ವಿದ್ಯೆ ಹೋಯಿತು. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ಉಳಿದಿರುವ ಸಸಿತೋಟಗಳು ಆ ಹಳೆಯ ಬಾಳಿನ ಕೊನೆಯ ಗುರುತುಗಳಂತೆ ನಿಂತಿವೆ.

ಈಗ ಅದೇ ಬಡಾವಣೆಗಳಲ್ಲಿ ತರಕಾರಿ ಬೆಳೆಯುವುದನ್ನು ಜನ ಮತ್ತೆ ಕಲಿಯುತ್ತಿದ್ದಾರೆ. ಇದು ಸಂತೋಷದ ಸುದ್ದಿ. ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ತರಕಾರಿ ಬೆಳೆಯುವ ವಿಧಾನವನ್ನು ಬೆಂಗಳೂರಿನ ಜನಕ್ಕೆ ವರ್ಷಗಟ್ಟಲೆ ಹೇಳಿಕೊಟ್ಟರು. ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನ ಸಂತೆಗಳಲ್ಲಿ ಬೀಜ, ಗೊಬ್ಬರ, ಅನುಭವಗಳ ವಿನಿಮಯ ನಡೆಯಿತು. ಈ ಕೆಲಸವನ್ನು ನಾವು ಹಗುರಾಗಿ ಕಾಣುವವರಲ್ಲ. ಆದರೆ ತಾರಸಿ ಯಾರದು? ಮನೆಯೊಡೆಯನದು. ಬಾಡಿಗೆದಾರನಿಗೆ ತಾರಸಿಯ ಬೀಗದ ಕೈ ಸಿಗುವುದು ಅಪರೂಪ. ಸಿಕ್ಕರೂ ಬಟ್ಟೆ ಒಣಹಾಕಲು ಮಾತ್ರ. 2017ರ ಸುಮಾರಿಗೆ ನಗರದ ಹೊರವಲಯದಲ್ಲಿ 600 ಚದರಡಿಯ ಪಾತಿಗಳನ್ನು ತಿಂಗಳ ಬಾಡಿಗೆಗೆ ಕೊಡುವ ಕಂಪನಿಯೂ ಹುಟ್ಟಿತು. ಕಾರಿರುವವನು ಭಾನುವಾರ ಹೋಗಿ ತನ್ನ ಪಾತಿಯ ಟೊಮೆಟೊ ಕಿತ್ತು ತಂದನು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಒಕ್ಕಲಲ್ಲದವನೂ ಹಣವಿದ್ದರೆ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದರು. ಹೀಗೆ ಉಳ್ಳವನಿಗೆ ತಾರಸಿಯೂ ಉಂಟು, ಬಾಡಿಗೆ ಪಾತಿಯೂ ಉಂಟು, ಹೊಲವೂ ಉಂಟು. ಹಿತ್ತಲ ಗಿಡ ಮದ್ದಲ್ಲವೆನ್ನುತ್ತಾರೆ. ಹಿತ್ತಲೇ ಇಲ್ಲದವನ ಮಾತೇನು?

ತರಕಾರಿ ಬೆಳೆಯುವುದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ ಎಂಬುದನ್ನು ನಾವು ಸ್ವಂತ ಸೋಲಿನಿಂದ ಕಲಿತವರು. ನಮ್ಮ ಕಾರ್ಯಾಲಯದ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಖಾಲಿ ಜಾಗವಿದೆ. ಅಲ್ಲಿ ಮೊದಲ ಸಲ ದಂಟಿನ ಬೀಜ ಚೆಲ್ಲಿದಾಗ ಮಣ್ಣನ್ನು ದಪ್ಪಗೆ ಮುಚ್ಚಿದೆವು, ಮೊಳಕೆಯೇ ಬರಲಿಲ್ಲ. ಎರಡನೆಯ ಸಲ ತೆಳ್ಳಗೆ ಮುಚ್ಚಿದೆವು; ಇರುವೆಗಳು ಸಾಲುಹಿಡಿದು ಬೀಜವನ್ನೆಲ್ಲ ಹೊತ್ತವು. ನೋಡಿ ನಗುತ್ತಿದ್ದ ಸೊಪ್ಪಿನಜ್ಜಿಯೊಬ್ಬರು, ಬೀಜಕ್ಕೆ ಮರಳು ಬೆರೆಸಿ ಚೆಲ್ಲಬೇಕು, ಪಾತಿಯ ಸುತ್ತ ಬೂದಿ ಎರಚಬೇಕು, ನೀರು ಹಾಕಿದರೆ ಕೈಬೆರಳ ಸಂದಿಯಿಂದ ಚಿಮುಕಿಸಬೇಕೆಂದು ಹೇಳಿಕೊಟ್ಟರು. ಮೂರನೆಯ ಸಲ ತಿಂಗಳೊಳಗೆ ಸೊಪ್ಪು ಕೊಯ್ದೆವು. ಟೊಮೆಟೊ ಇನ್ನೂ ಕಠಿಣ ಗುರು. ಬಿಳಿನೊಣ ಕೂತು ಎಲೆ ಮುದುರಿತು. ರೋಗದ ಗಿಡವನ್ನು ಕರುಣೆಯಿಂದ ಉಳಿಸಿಕೊಂಡೆವು. ಅದು ಪಕ್ಕದ ಆರು ಗಿಡಗಳನ್ನು ಕೆಡಿಸಿತು. ಕಿತ್ತೊಗೆಯಬೇಕಾದ್ದನ್ನು ಬೇಗ ಕಿತ್ತೊಗೆಯಬೇಕೆಂಬುದು ತೋಟದ ಪಾಠ, ರಾಜಕೀಯದ ಪಾಠವೂ ಹೌದು.

ಕಲಿಸುವವರಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನಲ್ಲಿ ಹತ್ತಾರು ತರಕಾರಿ ತಳಿಗಳನ್ನು ಹೊರತಂದಿದೆ. ಹಳದಿ ನಂಜುರೋಗ ತಡೆಯುವ ಬೆಂಡೆ ‘ಅರ್ಕಾ ಅನಾಮಿಕ’, ಎಲೆಮುದುರು ರೋಗ ತಡೆಯುವ ಟೊಮೆಟೊ ‘ಅರ್ಕಾ ರಕ್ಷಕ್’ ಅಲ್ಲಿಂದ ಬಂದವು. ಲಾಲ್‌ಬಾಗಿನಲ್ಲಿ ತೋಟಗಾರಿಕಾ ಇಲಾಖೆಯಿದೆ, ಜಿ.ಕೆ.ವಿ.ಕೆ.ಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಡಾ. ಎಂ. ಎಚ್. ಮರಿಗೌಡರ ಆಸಕ್ತಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಅನುಭವವಿದೆ. ಬೀಜವುಂಟು, ವಿದ್ಯೆಯುಂಟು, ಸಹಕಾರದ ದಾರಿಯುಂಟು. ಇಲ್ಲದಿರುವುದು ಒಂದೇ, ಕಲಿಯುವವನ ಕಾಲ ಕೆಳಗಿನ ಮಣ್ಣು. ಈಜು ಕಲಿಸುವವರೆಲ್ಲ ದಡದಲ್ಲಿ ಸಾಲಾಗಿ ನಿಂತು ಕೆರೆಯನ್ನೇ ಮುಚ್ಚಿದಂತಾಗಿದೆ.

ಒಂದು ಪಾತಿಯಿಂದ ಏನು ಸಿಗುತ್ತದೆ? ಇಲ್ಲದ ಆಸೆ ಹುಟ್ಟಿಸುವುದು ನಮ್ಮ ಕೆಲಸವಲ್ಲ; ಲೆಕ್ಕ ಹಾಕೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2011ರ ಮಾರ್ಗಸೂಚಿಯಂತೆ ಒಬ್ಬನಿಗೆ ದಿನಕ್ಕೆ 300 ಗ್ರಾಂ ತರಕಾರಿ ಬೇಕು. ಅದರಲ್ಲಿ 50 ಗ್ರಾಂ ಸೊಪ್ಪಿರಬೇಕು. ನಾಲ್ವರ ಸಂಸಾರಕ್ಕೆ ತಿಂಗಳಿಗೆ 36 ಕಿಲೋ ತರಕಾರಿ, ಅದರಲ್ಲಿ 6 ಕಿಲೋ ಸೊಪ್ಪು. 200 ಚದರಡಿಯ ಪಾತಿಯ ಮೂರರಲ್ಲೊಂದು ಭಾಗದಿಂದ ತಿಂಗಳಿಗೆ 6 ಕಿಲೋ ಸೊಪ್ಪು ತೆಗೆಯುವುದು ಕೈಪಳಗಿದವನಿಗೆ ಅಸಾಧ್ಯವಲ್ಲ. ಉಳಿದ ಭಾಗದಲ್ಲಿ ಬದನೆ, ಬೆಂಡೆ, ಹುರುಳಿಕಾಯಿ, ಚಳಿಗಾಲಕ್ಕೆ ನಾಲ್ಕು ಸಾಲು ಅವರೆ. ಇಷ್ಟೇ. ಇದರಿಂದ ಪಡಿತರದ ಅಕ್ಕಿ ಬೇಡವಾಗುವುದಿಲ್ಲ, ಕೂಲಿ ಹೆಚ್ಚಿಸಬೇಕೆಂಬ ನಮ್ಮ ಬೇಡಿಕೆ ಸಡಿಲವಾಗುವುದೂ ಇಲ್ಲ. ಸೊಪ್ಪು ಬೆಳೆದುಕೊಳ್ಳುತ್ತೀರಲ್ಲ, ತುಟ್ಟಿಭತ್ಯ ಏಕೆಂದು ಯಾವ ಮಾಲೀಕನಾದರೂ ಕೇಳಿದರೆ, ಅವನ ಬಂಗಲೆಯ ಹುಲ್ಲುಹಾಸಿನಲ್ಲಿ ಏನು ಬೆಳೆದಿದೆಯೆಂದು ಕೇಳಿರಿ.

ಆದರೆ ಈ 6 ಕಿಲೋ ಸೊಪ್ಪು ಅಲ್ಪವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಕಂಡುಬಂತು. ಬೆಲೆ ಏರಿದಾಗ ಬಡವರ ಮನೆಯಲ್ಲಿ ಮೊದಲು ಕಡಿಮೆಯಾಗುವುದು ತರಕಾರಿ. ಕಡಿಮೆಯಾದ ತರಕಾರಿಯಲ್ಲಿ ಕೊನೆಯ ಪಾಲು ಅಡುಗೆ ಮಾಡಿದ ತಾಯಿಯದು. 2023ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸಾರಿಗೆ ಹುಣಿಸೆಹಣ್ಣೇ ಗತಿಯಾದ ಮನೆಗಳು ಎಷ್ಟೋ. ಬೇರೆ ತಿಂಗಳುಗಳಲ್ಲಿ ಅದೇ ಟೊಮೆಟೊವನ್ನು ಬೆಲೆಯಿಲ್ಲದೆ ರೈತ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಬೆಳೆದವನಿಗೆ ಬೆಲೆಯಿಲ್ಲ, ಉಣ್ಣುವವನಿಗೆ ಕೈಗೆಟುಕುವುದಿಲ್ಲ. ಒಂದು ಪಾತಿ ಬೆಳೆದು ನೋಡಿದವನಿಗೆ ಈ ಅನ್ಯಾಯ ಅಂಕಿಅಂಶದಿಂದಲ್ಲ, ಬೆನ್ನುನೋವಿನಿಂದಲೇ ಅರ್ಥವಾಗುತ್ತದೆ. ಕಾರ್ಮಿಕನಿಗೂ ರೈತನಿಗೂ ನಡುವೆ ಬಿದ್ದಿರುವ ಗೋಡೆಯಲ್ಲಿ ಇದೊಂದು ಕಿಂಡಿ.

ನಮ್ಮ ಓದುಗರಲ್ಲಿ ಸಣ್ಣ ವ್ಯಾಪಾರಿಗಳು ಹಲವರಿದ್ದಾರೆ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಅಕ್ಕಂದಿರ ಹೊಟ್ಟೆಯ ಮೇಲೆ ಹೊಡೆಯುವ ಯೋಜನೆಯೆ ಇದು? ಅಲ್ಲ. ಮೇಲಿನ ಲೆಕ್ಕವನ್ನೇ ನೋಡಿರಿ. ಪಾತಿ ಪೂರ್ತಿ ಫಲಿಸಿದರೂ 36 ಕಿಲೋದ ಬಹುಪಾಲನ್ನು ಪೇಟೆಯಿಂದಲೇ ತರಬೇಕು. ಇಂದು ತರಕಾರಿಯನ್ನೇ ಕೊಳ್ಳಲಾರದವನು ನಿಮ್ಮ ಗಿರಾಕಿಯೂ ಅಲ್ಲ. ಸೊಪ್ಪಿನ ರುಚಿ ಹತ್ತಿದವನು ನಿಮ್ಮ ಗಾಡಿಯ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್‌ಗೆ ಬಂದೇ ಬರುತ್ತಾನೆ. ನಿಮ್ಮನ್ನು ಬೀದಿಯಿಂದ ಎಬ್ಬಿಸುವವರು ಪಾತಿಯವರಲ್ಲ, ದೊಡ್ಡ ಬಂಡವಾಳದ ಹವಾನಿಯಂತ್ರಿತ ಅಂಗಡಿಗಳು. ಬೀಜ, ಸಸಿ, ಕುಡುಗೋಲು, ಗುದ್ದಲಿ, ಬುಟ್ಟಿ ಇವುಗಳ ವ್ಯಾಪಾರವಂತೂ ನಿಮ್ಮದೇ.

ನೀರಿನ ಪ್ರಶ್ನೆಯನ್ನು ಮುಚ್ಚಿಡಲಾಗದು. ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನ ಮೂಲಕ ಬೆಟ್ಟ ಹತ್ತಿ ಬರುತ್ತಾಳೆ. 2024ರ ಮಾರ್ಚಿಯಲ್ಲಿ ಬರ ಬಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಮಾಡಿತು. ಆಜ್ಞೆ ಸರಿಯಾದದ್ದೇ, ಬಾಯಾರಿದವನ ನೀರನ್ನು ಬದನೆಗೆ ಹಾಕಬಾರದು. ಆದರೆ ಅದೇ ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರು ವರ್ಷಕ್ಕೆ 97,000 ಲೀಟರ್. 200 ಚದರಡಿಯ ಪಾತಿಗೆ ಬೇಸಿಗೆಯಲ್ಲಿ ದಿನಕ್ಕೆ 80 ಲೀಟರ್, ಅಂದರೆ ಐದಾರು ಕೊಡ ನೀರು ಸಾಕು; ನೂರು ದಿನಕ್ಕೆ 8,000 ಲೀಟರ್. ಒಂದು ಶಾಲೆಯ ಮಾಡು ಒಂದು ಕೇರಿಯ ಪಾತಿಗಳಿಗೆ ನೀರು ಕೊಡಬಲ್ಲುದು. ಬೇಕಾದದ್ದು ತೊಟ್ಟಿ. ಮಳೆಕೊಯ್ಲನ್ನು ಜನಕ್ಕೆ ತೋರಿಸಿಕೊಡಲೆಂದು ಜಲಮಂಡಳಿ ಕಟ್ಟಿದ ಉದ್ಯಾನ ಜಯನಗರದ 5ನೆಯ ಬ್ಲಾಕಿನಲ್ಲೇ ಇದೆಯೆಂಬುದನ್ನು ನೆನಪಿಸುತ್ತೇವೆ. ಚರಂಡಿಯ ನೀರನ್ನು ಮಾತ್ರ ಯಾರೂ ಪಾತಿಗೆ ತಿರುಗಿಸಬಾರದು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುವಳೆಂದು ಜನ ನಂಬಿರುವ ವೃಷಭಾವತಿ, ನಗರದ ಮತ್ತು ಕಾರ್ಖಾನೆಗಳ ಹೊಲಸನ್ನು ಹೊತ್ತು ಭೈರಮಂಗಲದ ಕಡೆಗೆ ಹೋಗುವುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣನ್ನೂ ನೀರನ್ನೂ ಪರೀಕ್ಷಿಸಿದ ಮೇಲೆಯೇ ಮೊದಲ ಬೀಜ ಬೀಳಬೇಕು.

ಗೊಬ್ಬರಕ್ಕಂತೂ ಕೊರತೆಯಿಲ್ಲ. ಅಡುಗೆಮನೆಯ ಸಿಪ್ಪೆಯನ್ನು ಲಾರಿಗಳಲ್ಲಿ ಹೇರಿ ಮಾವಳ್ಳಿಪುರಕ್ಕೆ, ಮಂಡೂರಿಗೆ ಸುರಿದರು. 2012ರಲ್ಲಿ, 2014ರಲ್ಲಿ ಆ ಹಳ್ಳಿಗಳ ಜನ ಸಾಕೆಂದು ಲಾರಿಗಳಿಗೆ ಅಡ್ಡನಿಂತರು. ನಗರದವನು ತಿಂದು ಬಿಟ್ಟದ್ದನ್ನು ಹಳ್ಳಿಯವನು ಮೂಸುತ್ತ ಬದುಕಬೇಕೆಂಬ ನ್ಯಾಯ ಯಾವ ಶಾಸ್ತ್ರದಲ್ಲಿದೆ? ಅದೇ ಸಿಪ್ಪೆ ಪಾತಿಯ ಮೂಲೆಯ ಗುಂಡಿಯಲ್ಲಿ ಎರಡು ಮೂರು ತಿಂಗಳು ಕೊಳೆತರೆ ಕರಿಮಣ್ಣಾಗುತ್ತದೆ. ಬೆಂಗಳೂರಿನ ಬಡಕಲು ಕೆಮ್ಮಣ್ಣಿಗೆ ಅದೇ ಅಮೃತ.

ಪಾಳುಬಿದ್ದ ಸಾರ್ವಜನಿಕ ನೆಲದಲ್ಲಿ ಬಡವನು ಕಾಯಿಪಲ್ಲೆ ಬೆಳೆಯುವುದು ಹೊಸ ಯೋಚನೆಯೇನಲ್ಲ. 1649ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿ ಎಂಬವನೂ ಅವನ ಸಂಗಡಿಗರೂ, ಭೂಮಿ ಎಲ್ಲರದೆಂದು ಸಾರಿ, ಗೋಮಾಳದಲ್ಲಿ ಕ್ಯಾರೆಟ್, ಹುರುಳಿಕಾಯಿ ಬಿತ್ತಿದರು. ಭೂಮಾಲೀಕರು ಅವರನ್ನು ಹೊಡೆದಟ್ಟಿದರು. ಆದರೆ ಬಿತ್ತಿದ ಮಾತು ಸಾಯಲಿಲ್ಲ. 1908ರಲ್ಲಿ ಅದೇ ದೇಶದಲ್ಲಿ ಕಾಯಿದೆಯಾಯಿತು: ಜನ ಕೇಳಿದರೆ ಅವರಿಗೆ ತರಕಾರಿ ಪಾತಿಗಳನ್ನು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ. ದೂರವೇಕೆ? ನೆರೆಯ ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಂಗಸರು ಗುಂಪುಕಟ್ಟಿ, ಬೇರೆಯವರ ಪಾಳು ನೆಲವನ್ನು ಗೇಣಿಗೆ ಪಡೆದು, ಭತ್ತ, ಬಾಳೆ, ತರಕಾರಿ ಬೆಳೆದು ತೋರಿಸಿದ್ದಾರೆ. ನಮ್ಮ ದೇಶದ ಸರಕಾರಗಳು ಮಾತ್ರ ಉಪದೇಶ ಮಾಡುವುದರಲ್ಲೇ ತೃಪ್ತಿಪಟ್ಟವು. 1943ರಲ್ಲಿ ‘ಅಧಿಕ ಆಹಾರ ಬೆಳೆಯಿರಿ’ ಎಂದರು. 1965ರಲ್ಲಿ ವಾರಕ್ಕೊಂದು ಹೊತ್ತು ಊಟ ಬಿಡಿರೆಂದರು. ನೆಲವಿಲ್ಲದವನು ಎಲ್ಲಿ ಬೆಳೆಯಬೇಕೆಂದು ಹೇಳಲಿಲ್ಲ.

ಹಾಗಾದರೆ ನೆಲವೆಲ್ಲಿದೆ? ಕಾಯಿದೆಯಲ್ಲೇ ಇದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಂತೆ ಪ್ರತಿಯೊಂದು ಬಡಾವಣೆಯಲ್ಲಿ ಕನಿಷ್ಠ ನೂರಕ್ಕೆ 15 ಭಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೂ, ಅದರ ಮೇಲೆ ನೂರಕ್ಕೆ 10 ಭಾಗವನ್ನು ನಾಗರಿಕ ಸೌಕರ್ಯಗಳಿಗೂ ಬಿಡಬೇಕು. ಉದ್ಯಾನದ 15 ಭಾಗವನ್ನು ನಾವು ಮುಟ್ಟುವುದಿಲ್ಲ. ರಾಜಮಹಲ್ ವಿಲಾಸ್ ವಿಸ್ತರಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ತಪ್ಪೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಆ ಕಾವಲು ಸಡಿಲವಾಗಬಾರದು. ಮಕ್ಕಳ ಆಟದ ಬಯಲನ್ನು ಅಗೆಯಲು ನಾವು ಗುದ್ದಲಿ ಕೇಳುತ್ತಿಲ್ಲ. ನಾವು ಕೇಳುವುದು ಸೌಕರ್ಯದ 10 ಭಾಗದಲ್ಲಿ ಒಂದು ಚೂರು. ಬೇರೆ ಸೌಕರ್ಯಗಳನ್ನು ಅಧಿಸೂಚನೆಯಿಂದ ಆ ಪಟ್ಟಿಗೆ ಸೇರಿಸಲು ಸರಕಾರಕ್ಕೆ ಕಾಯಿದೆಯೇ ಅಧಿಕಾರ ಕೊಟ್ಟಿದೆ. ಶಾಲೆ, ಆಸ್ಪತ್ರೆ ಸೌಕರ್ಯವಾದರೆ, ಬಾಡಿಗೆಮನೆಯವನು ಸೊಪ್ಪು ಬೆಳೆಯುವ ಊರತೋಟ ಏಕಲ್ಲ? ಅರ್ಧ ಎಕರೆಯೆಂದರೆ 20 ಗುಂಟೆ. ಗುಂಟೆಗೆ 200 ಚದರಡಿಯ ನಾಲ್ಕು ಪಾತಿ ಮಾಡಿದರೂ ಕಾಲುದಾರಿಗೆ, ಗೊಬ್ಬರದ ಗುಂಡಿಗೆ, ತೊಟ್ಟಿಗೆ ಜಾಗ ಉಳಿಯುತ್ತದೆ. 80 ಸಂಸಾರಗಳಿಗೆ ಪಾತಿಯಾಯಿತು.

ಷರತ್ತುಗಳು ಬಿಗಿಯಾಗಿರಬೇಕು, ಇಲ್ಲವಾದರೆ ಬಡವರ ಹೆಸರಿನಲ್ಲಿ ಬಲ್ಲಿದರು ಬೇಲಿ ಹಾಕುತ್ತಾರೆ. ಸ್ವಂತ ಮನೆ, ನಿವೇಶನ ಇಲ್ಲದವರಿಗೆ ಮೊದಲ ಹಕ್ಕು. ಪಾತಿ ವರ್ಷದ ಮಟ್ಟಿಗೆ. ಬೆಳೆದರೆ ಮುಂದುವರಿಕೆ, ಪಾಳುಬಿಟ್ಟರೆ ಸರದಿಯ ಮುಂದಿನವನಿಗೆ. ಮಾರುವಂತಿಲ್ಲ, ಮರುಬಾಡಿಗೆ ಇಲ್ಲ, ಗುಡಿಸಲು ಕಟ್ಟುವಂತಿಲ್ಲ, ಗುಡಿ ಕಟ್ಟುವಂತಿಲ್ಲ. ಹಂಚಿಕೆ ಚೀಟಿ ಎತ್ತಿ, ಎಲ್ಲರೆದುರು. ಒಬ್ಬ ಕಲಿತ ತೋಟಗಾರನಿಗೆ ಪಾಲಿಕೆ ಸಂಬಳ ಕೊಡಬೇಕು; ಊರ ಹೊರಗೆ ನೆಲ ಕಳೆದುಕೊಂಡ ಹಳೆಯ ಒಕ್ಕಲಿಗರನ್ನು, ತೋಟದ ಕೆಲಸ ಬಲ್ಲ ಹೆಂಗಸರನ್ನು ಆ ಕೆಲಸಕ್ಕೆ ಕರೆಯಬೇಕು. ಪಕ್ಕದ ಪಾತಿಯವನು ಯಾವ ಜಾತಿಯವನೆಂದು ಕೇಳುವವನಿಗೆ ಪಾತಿಯಿಲ್ಲ. ಒಂದೇ ತೊಟ್ಟಿಯಿಂದ ನೀರು ಮೊಗೆಯುವವರು ಮಡಿಯನ್ನು ಮನೆಯಲ್ಲೇ ಬಿಟ್ಟು ಬರಲಿ.

ಲೋಹಿಯಾರವರು ಕಾರ್ಯಕರ್ತರಿಗೆ ಮೂರು ಸಾಧನಗಳನ್ನು ಹೇಳಿದ್ದರು: ಗುದ್ದಲಿ, ಸೆರೆಮನೆ, ಮತ. ಗುದ್ದಲಿಯೆಂದರೆ ಕಟ್ಟುವ ಕೆಲಸ, ಸೆರೆಮನೆಯೆಂದರೆ ಅನ್ಯಾಯಕ್ಕೆ ಶಾಂತಿಯ ಪ್ರತಿಭಟನೆ, ಮತವೆಂದರೆ ಅಧಿಕಾರ. ನಮ್ಮ ಪಕ್ಷದವರು ಎರಡನೆಯದನ್ನೂ ಮೂರನೆಯದನ್ನೂ ಸಾಕಷ್ಟು ಮಾತಾಡಿದ್ದೇವೆ. ಮೊದಲನೆಯದಕ್ಕೆ ತುಕ್ಕು ಹಿಡಿದಿದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತಾಗ, ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಮುಂದೆ ನಡೆದಾಗ, ಲೋಹಿಯಾ ಬಂದು ಬಂಧನಕ್ಕೊಳಗಾದಾಗ, ಎದ್ದ ಪ್ರಶ್ನೆ ನೆಲ ಯಾರದು ಎಂಬುದೇ. ಆ ಪ್ರಶ್ನೆಗೆ ಹಳ್ಳಿಯಲ್ಲಿ 1974ರ ಭೂಸುಧಾರಣೆ ಒಂದಷ್ಟು ಉತ್ತರ ಕೊಟ್ಟಿತು. ನಗರದಲ್ಲಿ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ.

ಕೇಳುವುದು ಯಾರನ್ನು? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. ಚುನಾಯಿತ ಸದಸ್ಯನೊಬ್ಬನೂ ಇಲ್ಲದೆ ಐದು ವರ್ಷ ಅಧಿಕಾರಿಗಳು ಊರನ್ನಾಳಿದರು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಹೊಸ ಪಾಲಿಕೆಗಳಿಗೆ ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೇ ಪ್ರಶ್ನೆ ಹಾಕಿರಿ: ನಮ್ಮ ವಾರ್ಡಿನಲ್ಲಿ ಊರತೋಟಕ್ಕೆ ಅರ್ಧ ಎಕರೆ ಕೊಡಿಸುವಿರೋ ಇಲ್ಲವೋ? 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಹೊಸೂರು ರಸ್ತೆಗಿಳಿದು ಕೇಂದ್ರ ಸರಕಾರವನ್ನೇ ಹಿಂದೆಗೆಯುವಂತೆ ಮಾಡಿದ ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಅರ್ಧ ಎಕರೆ ಕೇಳುವುದು ಕಷ್ಟದ ಮಾತಲ್ಲ.

ನಮ್ಮ ಊರಿನವರಿಗೂ ಒಂದು ಮಾತು. ಇಲ್ಲಿಯ ನಗರಾಭಿವೃದ್ಧಿ ಪ್ರಾಧಿಕಾರವೂ ಬಡಾವಣೆ ಮಾಡುತ್ತಿದೆ; ಇಲ್ಲಿಯೂ ಸೌಕರ್ಯದ ನಿವೇಶನಗಳು ಜಾಲಿ ಬೆಳೆದು ಬಿದ್ದಿವೆ. ಪ್ರತಿಯೊಂದು ಕೇರಿಯ ಸಂಗಾತಿಗಳು ತಮ್ಮ ಕೇರಿಯ ಅಂಥ ನಿವೇಶನಗಳ ಪಟ್ಟಿ ಮಾಡಲಿ, ಅವು ಯಾರ ಹೆಸರಿನಲ್ಲಿವೆಯೆಂದು ಕಚೇರಿಯಲ್ಲಿ ಕೇಳಿ ಬರಲಿ. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ. ಅಲ್ಲಿಯವರೆಗೆ ಕಾರ್ಯಾಲಯದ ಹಿಂದಿನ ಪಾತಿ ಕಲಿಯಬಯಸುವ ಎಲ್ಲರಿಗೂ ತೆರೆದಿದೆ. ಪಾಳಿ ಮುಗಿಸಿ ಬರುವವರು ಸಂಜೆ ಬರಲಿ. ಅಂಗಡಿ ತೆರೆಯುವವರು ಬೆಳಿಗ್ಗೆ ಬರಲಿ. ಗುದ್ದಲಿ ಎರಡಿವೆ. ಮೂರನೆಯದನ್ನು ಬರುವವರು ತರಲಿ.